120 ಮನೆಯ ಊರಿನ ಕೊಳಚೆ ನೀರು: ಯಂತ್ರವೋ, ಹೊಂಡವೋ?

ಹಳೇ ಬಾವಿ:
ನಮ್ಮದು 120 ಮನೆ, ಸುಮಾರು 500 ಜನ. ಎಲ್ಲರಿಗೂ ಸೆಪ್ಟಿಕ್ ಟ್ಯಾಂಕ್ ಇದೆ, ಅದರ ನೀರು ಇಂಗುಗುಂಡಿಗೆ ಹೋಗುತ್ತದೆ. ಈಗ ಎರಡು ಬಾವಿಗಳಲ್ಲಿ ನೈಟ್ರೇಟ್ ಜಾಸ್ತಿ ಕಂಡಿದೆ. ಎಲ್ಲ ನೀರನ್ನೂ ಒಂದು ಕಡೆ ತಂದು ಶುದ್ಧ ಮಾಡೋಣ ಅಂತ ಮಾತು ನಡೀತಿದೆ. ಬ್ಲೋವರ್‌ನಿಂದ ಗಾಳಿ ಊದುವ ಘಟಕ ಬೇಕು ಅಂತ ಕೆಲವರು, ಬರೀ ಹೊಂಡ ಸಾಕು ಅಂತ ಕೆಲವರು. ನೀವೇನಂತೀರಿ?

ಬೆಲ್ಟು-ಬೋಲ್ಟು:
ಯಂತ್ರ ಬೇಡ. ಅಂಥದ್ದೊಂದು ಚಿಕ್ಕ ಘಟಕದಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಗಾಳಿ ಸರಿಯಾಗಿ ಬೀಳುತ್ತಿದ್ದರೆ ತೊಟ್ಟಿಯ ನೀರು ಕಂದು ಬಣ್ಣ, ಹಸಿ ಮಣ್ಣಿನ ವಾಸನೆ. ಒಂದು ಸಲ ಬ್ಲೋವರ್ ಬೆಲ್ಟ್ ಹರಿಯಿತು. ಹೊಸದು ಬರೋಕೆ ಆರು ದಿನ. ಎರಡನೇ ದಿನಕ್ಕೇ ನೀರು ಕಪ್ಪಾಗಿ, ಕೊಳೆತ ಮೊಟ್ಟೆ ವಾಸನೆ ಶುರು. ಬೆಲ್ಟ್ ಬಂತು ನಿಜ, ಆದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಗಾಳಿ ಇಲ್ಲದೆ ಸತ್ತಿತ್ತು, ಅದು ಮತ್ತೆ ಬೆಳೆಯೋಕೆ ವಾರಗಳೇ ಹಿಡಿದವು.

ಸೋಸುಬಟ್ಟೆ:
ಬೆಲ್ಟ್ ಹರಿದದ್ದು ವಿಧಾನದ ತಪ್ಪಾ? ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸೋದು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ತೋರಿಸಿಕೊಟ್ಟ ವಿಧಾನ, ಇವತ್ತಿಗೂ ದೊಡ್ಡ ದೊಡ್ಡ ನಗರಗಳು ಅದನ್ನೇ ನಂಬಿವೆ. ಜಾಗವೂ ಕಡಿಮೆ ಸಾಕು. ಒಂದು ಬೆಲ್ಟ್ ಮೊದಲೇ ತಂದಿಟ್ಟುಕೊಂಡಿದ್ದರೆ ಈ ಕಥೆಯೇ ಇರ್ತಿರಲಿಲ್ಲ.

ಬೆಲ್ಟು-ಬೋಲ್ಟು:
ನಗರದಲ್ಲಿ ರಾತ್ರಿ ಪಾಳಿಗೂ ಜನ ಇರ್ತಾರೆ ಸ್ವಾಮಿ. 120 ಮನೆಯ ಊರಲ್ಲಿ ಯಾರು? ನಾನು ಬಿಟ್ಟ ಮೇಲೆ ಅಲ್ಲಿಗೆ ಯಾರೂ ಬರಲಿಲ್ಲ.

ಜೊಂಡುಹುಲ್ಲು:
ಟ್ಯಾಂಕ್‌ಗಳು ಈಗಾಗಲೇ ಇವೆ ಅಲ್ವಾ? ಅದೇ ದೊಡ್ಡ ಲಾಭ. ಗಟ್ಟಿ ವಸ್ತು ಮನೆಯಲ್ಲೇ ಕೆಳಗೆ ಕೂರುತ್ತೆ, ಹೊರಗೆ ಬರೋದು ನೀರು ಮಾತ್ರ. ಹಾಗಾಗಿ 75–100 ಮಿ.ಮೀ. ಪೈಪ್ ಸಾಕು. ದೊಡ್ಡ ಚರಂಡಿ ಪೈಪ್‌ಗೆ ಬೇಕಾದಷ್ಟು ಇಳಿಜಾರೂ ಬೇಡ, ಆಳವಾಗಿ ಅಗೆಯೋದೂ ಬೇಡ. ಕೊನೆಗೆ ಹೊಂಡ, ಅಂದರೆ ಜಲ್ಲಿ ತುಂಬಿದ ಹಾಸು, ಮೇಲೆ ಜೊಂಡು. ನೀರು ಜಲ್ಲಿಯ ನಡುವೆ ನಿಧಾನಕ್ಕೆ ಹರಿದು ಶುದ್ಧವಾಗುತ್ತೆ. ಬಿಸಿಲಿನ ಸೀಮೆಯಲ್ಲಿ ತಲೆಗೆ 1ರಿಂದ 3 ಚದರ ಮೀಟರ್ ಆದರೆ ನಡೆಯುತ್ತೆ, ಚಳಿ ಇದ್ದಲ್ಲಿ 5 ಅಥವಾ ಇನ್ನೂ ಜಾಸ್ತಿ. ನೀರು ಜಲ್ಲಿಯ ಮೇಲ್ಮೈಗಿಂತ 5–10 ಸೆಂ.ಮೀ. ಕೆಳಗೇ ಇರಬೇಕು. ಮೇಲೆ ಬಂತೋ, ಸೊಳ್ಳೆ. ಹೊರಹೋಗುವ ಕಡೆ ತಿರುಗಿಸಬಹುದಾದ ಎಲ್ಬೋ ಪೈಪ್ ಹಾಕಿ. ಅದನ್ನು ಸ್ವಲ್ಪ ಬಾಗಿಸಿದರೆ ಮಟ್ಟ ಇಳಿಯುತ್ತೆ.

ಸೋಸುಬಟ್ಟೆ:
ಸರಿ. ಆದರೆ ದೂರು ಬಂದಿರೋದು ನೈಟ್ರೇಟ್ ಬಗ್ಗೆ. ಟ್ಯಾಂಕ್‌ನಿಂದ ಹೊರಡುವಾಗ ಮಲಮೂತ್ರದ ಸಾರಜನಕ ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತೆ. ಮಣ್ಣಲ್ಲಿ ಗಾಳಿ ಸಿಕ್ಕಾಗ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತೆ. ನೀರು ತುಂಬಿ ನಿಂತ ನಿಮ್ಮ ಹಾಸಿನಲ್ಲಿ ಗಾಳಿ ಎಲ್ಲಿಂದ ಬರಬೇಕು? ಅಮೋನಿಯಂ ಬಹುಪಾಲು ಹಾಗೇ ದಾಟಿ ಹೋಗುತ್ತೆ.

ಜೊಂಡುಹುಲ್ಲು:
ಒಪ್ಪಿದೆ, ಅರ್ಧ ಮಾತ್ರ ಹೇಳಿದ್ದೆ. ಹಾಸು ಎರಡು ಬೇಕು. ಮೊದಲನೆಯದರಲ್ಲಿ ನೀರು ಬಿಟ್ಟು ಬಿಟ್ಟು ಮೇಲಿಂದ ಸುರಿದು, ಕೆಳಗೆ ಬಸಿದುಹೋಗಬೇಕು. ನಡುವೆ ಗಾಳಿ ಒಳಗೆಳೆದುಕೊಳ್ಳುತ್ತೆ, ಅಲ್ಲಿ ಅಮೋನಿಯಂ ನೈಟ್ರೇಟ್ ಆಗುತ್ತೆ. ಎರಡನೆಯದು ನೀರು ತುಂಬಿದ್ದು. ಅಲ್ಲಿನ ಬ್ಯಾಕ್ಟೀರಿಯಾ ನೈಟ್ರೇಟ್‌ನಲ್ಲಿರುವ ಆಮ್ಲಜನಕ ಬಳಸಿಕೊಂಡು ಸಾರಜನಕವನ್ನು ಗಾಳಿಗೆ ಬಿಡುತ್ತೆ. ಜಾಗ ಇಳಿಜಾರಾಗಿದ್ದರೆ ಸುರಿಯೋಕೆ ಪಂಪೂ ಬೇಡ.

ಮುಚ್ಚಳ:
ಇಷ್ಟೆಲ್ಲ ಮಾತಾಡ್ತಿದ್ದೀರಿ, ಟ್ಯಾಂಕ್ ಹೂಳು ತೆಗೆಸಿ ಎಷ್ಟು ವರ್ಷ ಆಯ್ತು ಅಂತ ಯಾರಾದ್ರೂ ಕೇಳಿದ್ರಾ? ಹೂಳು ತುಂಬಿದ ಟ್ಯಾಂಕ್ ಬರೀ ಪೈಪ್ ಇದ್ದ ಹಾಗೆ. ಗಲೀಜೆಲ್ಲ ನೇರ ಜಲ್ಲಿಗೆ ಬಂದು ಹಾಸು ಕಟ್ಟಿಕೊಳ್ಳುತ್ತೆ. ಉದ್ದ ಕೋಲಿಗೆ ಬಿಳಿ ಟವೆಲ್ ಸುತ್ತಿ, ತಳ ಮುಟ್ಟುವವರೆಗೆ ನಿಧಾನಕ್ಕೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕಪ್ಪಾಗಿ ಅಂಟಿದಷ್ಟು ಹೂಳು. ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಖಾಲಿ ಮಾಡಿಸಿ. ಹಾಂ, ತಲೆ ಒಳಗೆ ಹಾಕಬೇಡಿ, ಒಳಗೆ ಇಳಿಯುವ ಮಾತಂತೂ ಬೇಡವೇ ಬೇಡ. ಟ್ಯಾಂಕ್ ಒಳಗಿನ ಗ್ಯಾಸ್ ಕ್ಷಣದಲ್ಲಿ ಪ್ರಾಣ ತೆಗೆಯುತ್ತೆ.

ಹಳೇ ಬಾವಿ:
ಇವತ್ತು ಬೆಳಿಗ್ಗೆ ನಮ್ಮ ಮನೆಯದ್ದು ನೋಡಿದೆ. ಮೀಟರೂವರೆ ನೀರಿನಲ್ಲಿ 80 ಸೆಂ.ಮೀ. ಕಪ್ಪು. ಪಕ್ಕದ ಮನೆಯದ್ದೂ ನೋಡೋಣ ಅಂತ ಕೋಲು ಹಿಡಿದು ಹೋದೆ. ಅವರು ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವಾಗ ಮುಚ್ಚಳದ ಮೇಲೂ ಸೇರಿಸಿ ಹಾಕಿಸಿಬಿಟ್ಟಿದ್ದಾರೆ. ಟ್ಯಾಂಕ್ ಎಲ್ಲಿದೆ ಅಂತ ಅವರಿಗೂ ಸರಿಯಾಗಿ ನೆನಪಿಲ್ಲ.