ಎಲ್‌ಎಲ್‌ಸಿ ದಾಖಲೆಗೆ ಸಹಿ ಮಾಡುವವರನ್ನು ಏನೆಂದು ಕರೆಯಬೇಕು?

ಅಮೆರಿಕದಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ) ತೆರೆಯಬೇಕೆಂದಿರುವ ಕನ್ನಡಿಗರಿಗಾಗಿ ಒಂದು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದು, ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಡೆಲವೇರ್ ರಾಜ್ಯದಲ್ಲಿ ಎಲ್‌ಎಲ್‌ಸಿ ಹುಟ್ಟುವುದು ‘ಸರ್ಟಿಫಿಕೇಟ್ ಆಫ್ ಫಾರ್ಮೇಶನ್’ ಸಲ್ಲಿಸಿದಾಗ. ಇದನ್ನು ‘ರಚನಾ ಪ್ರಮಾಣಪತ್ರ’ ಎಂದು ಬರೆದರೆ, ಭಾರತದಲ್ಲಿ ಕಂಪನಿಗಳ ರಿಜಿಸ್ಟ್ರಾರ್ ಕೊಡುವ ಪ್ರಮಾಣಪತ್ರದಂತೆ ಇದೂ ಸರ್ಕಾರ ಸಹಿ ಮಾಡಿ ಕೊಡುವ ಪತ್ರವೆಂದೇ ಓದುಗರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಕಂಪನಿ ತೆರೆಯುವವರ ಕಡೆಯವರೇ ಸಹಿ ಮಾಡಿ ರಾಜ್ಯಕ್ಕೆ ಒಪ್ಪಿಸುವ ಪತ್ರ. ಅಲ್ಲಿನ ಎಲ್‌ಎಲ್‌ಸಿ ಕಾಯ್ದೆಯ 18-204ನೇ ಪ್ರಕರಣದ ಪ್ರಕಾರ, ಹಾಗೆ ಸಹಿ ಮಾಡುವುದೆಂದರೆ, ಅದರಲ್ಲಿರುವ ಸಂಗತಿಗಳು ತನಗೆ ತಿಳಿದಮಟ್ಟಿಗೆ ನಿಜವೆಂದು ಪ್ರಮಾಣ ಮಾಡಿದಂತೆಯೇ. ಸುಳ್ಳು ಹೇಳಿದರೆ ಸುಳ್ಳು ಸಾಕ್ಷ್ಯದ ದಂಡನೆಯೂ ಉಂಟು. ಆದ್ದರಿಂದ ‘ರಚನಾ ಘೋಷಣಾಪತ್ರ’ ಎನ್ನುವುದು ಸರಿಯೆಂದು ನನಗೆ ತೋರುತ್ತದೆ. ಇಷ್ಟು ಹೊಣೆ ಹೊತ್ತ ಸಹಿಯನ್ನು ‘ರುಜು’ ಎನ್ನಬಹುದೇ ಎಂದೂ ಯೋಚಿಸಿದ್ದೇನೆ. ‘ರುಜುವಾತು’ ಎಂಬಲ್ಲಿ ಸತ್ಯವನ್ನು ಸಾಧಿಸಿ ತೋರಿಸುವ ಅರ್ಥ ಈಗಲೂ ಉಳಿದಿದೆ.

ಹೆಚ್ಚು ತೊಡಕಿನದು ಸಹಿ ಮಾಡುವವರ ಹೆಸರು. ಹಲವು ರಾಜ್ಯಗಳು ಅಳವಡಿಸಿಕೊಂಡಿರುವ 2006ರ ಪರಿಷ್ಕೃತ ಏಕರೂಪ ಎಲ್‌ಎಲ್‌ಸಿ ಕಾಯ್ದೆಯಲ್ಲಿ (ರಾಜ್ಯಗಳಿಗಾಗಿ ರೂಪಿಸಿದ ಮಾದರಿ ಕಾನೂನು), ಮೊದಲ ದಾಖಲೆಗೆ ಕನಿಷ್ಠ ಒಬ್ಬ ‘ಆರ್ಗನೈಸರ್’ ಸಹಿ ಮಾಡಬೇಕು. ಅವರು ಕಂಪನಿಯ ಸದಸ್ಯರಾಗಿರಬೇಕೆಂದಿಲ್ಲ. ವಕೀಲರ ಕಚೇರಿಯ ನೌಕರರೂ ಆಗಬಹುದು. ‘ಸಂಘಟಕ’ ಎಂದರೆ ಸಮ್ಮೇಳನ ನಡೆಸುವವರು ನೆನಪಾಗುತ್ತಾರೆ, ‘ಸ್ಥಾಪಕ’ ಎಂದರೆ ಮಾಲೀಕರೆಂಬ ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ. ಬ್ಯಾಂಕಿನ ಕಾಗದಗಳಲ್ಲಿ ಕಾಣುವ ‘ಅಧಿಕೃತ ಸಹಿದಾರರು’ ಮುಂದಿನ ತಿದ್ದುಪಡಿಗಳಿಗೆ ಚೆನ್ನಾಗಿ ಒಪ್ಪುತ್ತದೆ, ಆದರೆ ಕಂಪನಿಯೇ ಇನ್ನೂ ಹುಟ್ಟಿರದ ಹೊತ್ತಿನಲ್ಲಿ ಅದರ ಪರವಾಗಿ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆ ಏಳುತ್ತದೆ. ನಮ್ಮ ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ‘ಬಿಕ್ಕಲಂ’ ಎಂದು ಪತ್ರ ಬರೆದವರು ಸಹಿ ಹಾಕುತ್ತಿದ್ದರು. ಅವರಿಗೂ ಆಸ್ತಿಯಲ್ಲಿ ಪಾಲಿರಲಿಲ್ಲ. ಆದರೆ ಕಂಪನಿಯನ್ನು ಅಸ್ತಿತ್ವಕ್ಕೆ ತರುವವರಿಗೆ ಆ ಪದ ಹೊಂದುವುದಿಲ್ಲ.

ಸದ್ಯಕ್ಕೆ ‘ರಚನಾ ಸಹಿದಾರ’ ಎಂದು ಬಳಸಿದ್ದೇನೆ. ಕಾನೂನು ಅನುವಾದದಲ್ಲಿ ಅಥವಾ ಪತ್ರ ಬರಹಗಾರರಲ್ಲಿ ಇದಕ್ಕಿಂತ ರೂಢಿಯ ಪದವಿದ್ದರೆ, ಅದು ಬಳಕೆಯಾದ ಒಂದು ವಾಕ್ಯದ ಸಹಿತ ದಯವಿಟ್ಟು ತಿಳಿಸಿ.