30×40 ಮನೆ: ಮಳೆನೀರು ಸಂಪಿಗೆ ಬಿಡೋದಾ, ಇಂಗುಬಾವಿಗಾ?

ಬಾಲ್ಕನಿಗುಬ್ಬಿ:
ಸ್ನೇಹಿತರೇ, ಮುಂಗಾರು ಶುರುವಾಗೋ ಮುಂಚೆ ಒಂದು ತೀರ್ಮಾನ ಆಗ್ಬೇಕು. ಬೆಂಗಳೂರಲ್ಲಿ 30×40 ಸೈಟು, ತಾರಸಿ ಸುಮಾರು 1000 ಚದರಡಿ. ಎರಡು ಮೂಲೇಲಿ 4 ಇಂಚಿನ ಪೈಪ್ ಇಳಿದಿದೆ, ಎರಡೂ ಸದ್ಯಕ್ಕೆ ರಸ್ತೆ ಮೋರಿಗೆ. ಸಂಪು 8000 ಲೀಟರಿಂದು. ಕಾವೇರಿ ನೀರು ವಾರಕ್ಕೆ ಎರಡು ದಿನ, ಬೋರು ಬೇಸಿಗೇಲಿ ಕೈಕೊಡುತ್ತೆ. ಒಬ್ಬ ಪ್ಲಂಬರ್ ಡ್ರಮ್ಮಿಗೆ ಮರಳು, ಜಲ್ಲಿ, ಇದ್ದಿಲು ತುಂಬಿ ಸಂಪಿಗೆ ಬಿಡಿ ಅಂತಾರೆ. ಇನ್ನೊಬ್ಬರು ನೇರ ಬೋರ್‌ವೆಲ್ ಕೇಸಿಂಗ್ (ಬೋರಿಗೆ ಇಳಿಸಿರೋ ದಪ್ಪ ಪೈಪ್) ಒಳಗೇ ಇಳಿಸಿಬಿಡಿ ಅಂತಾರೆ. ಯಾರ ಮಾತು ಕೇಳೋದು? ಕುಡಿಯೋಕೂ ಬಳಸಬಹುದಾ?

ನೀರಗಂಟಿ:
ಮೊದಲು ಸಂಪು, ಸಂಪು ತುಂಬಿ ಹೆಚ್ಚಾಗಿದ್ದು ಇಂಗುಬಾವಿಗೆ. ಇದೇ ಕ್ರಮ. ಕೇಸಿಂಗ್ ಒಳಗೆ ನೇರ ಬಿಡೋದು ಮಾತ್ರ ಖಂಡಿತ ಬೇಡ. ತಾರಸಿ ಮೇಲಿನ ಹಕ್ಕಿ ಹಿಕ್ಕೆ, ಧೂಳು ಎಲ್ಲ ಸೀದಾ ಅಂತರ್ಜಲಕ್ಕೆ ಹೋಗುತ್ತೆ. ಅದು ನಿಮ್ಮ ಬೋರಲ್ಲೇ ನಿಲ್ಲಲ್ಲ, ಪಕ್ಕದವರ ಬೋರಿಗೂ ಸೇರುತ್ತೆ. ಒಮ್ಮೆ ಕೆಟ್ಟರೆ ತೊಳೆಯೋಕೆ ದಾರಿ ಇಲ್ಲ.

ಲೆಕ್ಕ ನೋಡಿ. 1000 ಚದರಡಿ ಅಂದ್ರೆ 93 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 93 ಲೀಟರ್. ಆವಿಯಾಗಿದ್ದು, ತಾರಸಿ ಹೀರಿದ್ದು ಕಳೆದು ನೂರಕ್ಕೆ 85 ಸಿಗುತ್ತೆ ಅಂತಿಟ್ಟುಕೊಳ್ಳಿ. 20 ಮಿಮೀ ಮಳೆ ಬಿದ್ರೆ ಸುಮಾರು 1600 ಲೀಟರ್, 50 ಮಿಮೀ ಜಡಿಮಳೆಗೆ ಸುಮಾರು 4000. ಬೆಂಗಳೂರಿನ ವಾರ್ಷಿಕ ಮಳೆ 900 ಮಿಮೀ ದಾಟುತ್ತೆ, ಅಂದ್ರೆ ವರ್ಷಕ್ಕೆ 70,000 ಲೀಟರ್ ಮೇಲೆ. ಆದ್ರೆ ಸೆಪ್ಟೆಂಬರ್, ಅಕ್ಟೋಬರಲ್ಲಿ ಬರೋದೆಲ್ಲ ಒಟ್ಟೊಟ್ಟಿಗೆ ಬರುತ್ತೆ. ಸಂಪು ಮೊದಲೇ ಕಾವೇರಿಯಿಂದ ತುಂಬಿದ್ರೆ ಮಳೆನೀರಿಗೆ ಜಾಗ ಇರಲ್ಲ. ಮಳೆಗಾಲದಲ್ಲಿ ಸಂಪನ್ನ ಅರ್ಧಕ್ಕಿಂತ ಕೆಳಗೆ ಇಟ್ಟುಕೊಳ್ಳೋ ಹಾಗೆ ಕಾವೇರಿ ವಾಲ್ವನ್ನ ತಿರುಗಿಸೋದು ರೂಢಿ ಮಾಡ್ಕೊಳ್ಳಿ. ಫಿಲ್ಟರ್ ಯಾವ ಕಂಪನೀದು ಅನ್ನೋದಕ್ಕಿಂತ ಈ ರೂಢಿಯಿಂದಲೇ ಹೆಚ್ಚು ನೀರು ಉಳಿಯುತ್ತೆ.

ಡ್ರಮ್ಮಿನ ವಿಷಯಕ್ಕೆ ಬರ್ತೀನಿ. ಜೋರು ಮಳೇಲಿ, ಗಂಟೆಗೆ 60 ಮಿಮೀ ಅಂದ್ರೂ, ನಿಮ್ಮ ತಾರಸಿಯಿಂದ ನಿಮಿಷಕ್ಕೆ 90 ಲೀಟರ್ ಇಳಿಯುತ್ತೆ. ಎರಡಡಿ ಅಗಲದ ಡ್ರಮ್ಮಲ್ಲಿ ನುಣುಪು ಮರಳು ತುಂಬಿದ್ರೆ ಅಷ್ಟನ್ನ ಇಳಿಸೋದಿಲ್ಲ. ನೀರು ಪೈಪಲ್ಲಿ ಮೇಲೇರಿ ತಾರಸೀಲಿ ನಿಲ್ಲುತ್ತೆ, ಆಮೇಲೆ ಸೀಲಿಂಗ್ ಸೋರುತ್ತೆ. ಜನ ಅದನ್ನ ವಾಟರ್‌ಪ್ರೂಫಿಂಗ್ ಸಮಸ್ಯೆ ಅಂದ್ಕೊಂಡು ಸುಮ್ನೆ ದುಡ್ಡು ಸುರೀತಾರೆ. ಡ್ರಮ್ಮೇ ಬೇಕಂದ್ರೆ ತಳಕ್ಕೆ 40 ಮಿಮೀ ಜಲ್ಲಿ, ಮೇಲೆ 20 ಮಿಮೀ, ಅದರ ಮೇಲೆ ನೈಲಾನ್ ಜಾಲರಿ, ಕೊನೆಗೆ ದಪ್ಪ ಮರಳು ನಾಲ್ಕೇ ಇಂಚು. ಇದ್ದಿಲು ಬೇಡ, ಒಂದು ಮಳೆಗಾಲ ಕಳೆದ ಮೇಲೆ ಅದರಿಂದ ಉಪಯೋಗ ಇಲ್ಲ. ಗೋಡೆಗೆ ಕೂರಿಸೋ ಸ್ಟೀಲ್ ಜಾಲರಿ ಫಿಲ್ಟರ್ ಇನ್ನೂ ಒಳ್ಳೇದು, ಬಿಚ್ಚಿ ತೊಳೆಯೋಕೆ ಐದು ನಿಮಿಷ ಸಾಕು. ಕೊಳ್ಳೋವಾಗ ಎಷ್ಟು ಚದರಡಿ ತಾರಸಿಗೆ ಅಂತ ಕೇಳಿ ತಗೊಳ್ಳಿ.

ಮಾವಳ್ಳಿಮಳೆ:
ನೀರಗಂಟಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ: ಮೊದಲ ಮಳೆ ನೀರನ್ನ ಹೊರಗೆ ಬಿಡೋದು. ಎಲ್ಲರೂ ಕೆಳಗೆ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿ, ಐದಡಿ ಪೈಪ್ ಇಳಿಸಿ, ತುದಿಗೆ ಎಂಡ್‌ಕ್ಯಾಪ್ ಹಾಕಿ ಮುಗೀತು ಅಂತಾರೆ. 4 ಇಂಚಿನ ಪೈಪಲ್ಲಿ ಒಂದು ಅಡಿಗೆ ಎರಡೂವರೆ ಲೀಟರ್ ಹಿಡಿಯುತ್ತೆ. ಐದಡಿಗೆ ಹನ್ನೆರಡು ಲೀಟರ್. ನಿಮ್ಮ ತಾರಸಿಯ ಕೊಳೆ ಹೋಗೋಕೆ ಕನಿಷ್ಠ ಒಂದು ಮಿಮೀ, ಅಂದ್ರೆ 90 ಲೀಟರ್ ಆದ್ರೂ ಹೊರಗೆ ಹೋಗ್ಬೇಕು. ಹಾಗಾಗಿ ಎಂಡ್‌ಕ್ಯಾಪ್ ಬದಲು ಬಾಲ್ ವಾಲ್ವ್ ಹಾಕ್ಸಿ. ಬೇಸಿಗೆ ಮುಗಿದು ಬರೋ ಮೊದಲ ಎರಡು ಮಳೇಲಿ ಅದನ್ನ ಪೂರ್ತಿ ತೆಗೆದಿಡಿ, ಆಮೇಲೆ ನಾಲ್ಕೈದು ದಿನ ಬಿಸಿಲು ಕಾದು ಮಳೆ ಬಂದಾಗೆಲ್ಲ ಮೊದಲ 10 ನಿಮಿಷ ತೆಗೀರಿ. ತೆಗೆಯೋರು ಮನೇಲಿ ಇರಲ್ಲ ಅಂದ್ರೆ 100 ಲೀಟರ್ ಡ್ರಮ್ ಇಟ್ಟು, ಅದು ತುಂಬಿದ ಮೇಲಷ್ಟೇ ನೀರು ಮುಂದೆ ಹೋಗೋ ಹಾಗೆ ಕೂರಿಸಿ. ಡ್ರಮ್ಮಿನ ತಳದಲ್ಲಿ ಸಣ್ಣ ನಲ್ಲಿ ಇರಲಿ, ಮರುದಿನ ಆ ನೀರು ಗಿಡಕ್ಕೆ.

ಎರಡೂ ಇಳಿಪೈಪು ಒಂದೇ ಫಿಲ್ಟರಿಗೆ ಸೇರಿಸೋದಾದ್ರೆ ಅಡ್ಡ ಪೈಪಿಗೆ 10 ಅಡಿಗೆ ಒಂದೂಕಾಲು ಇಂಚಿನಷ್ಟಾದ್ರೂ ಇಳಿಜಾರು ಕೊಡಿ. ಮಟ್ಟಸವಾಗಿ ಹಾಕಿದ್ರೆ ಹೊಂಗೆ ಎಲೆ ಅಲ್ಲೇ ಕೊಳೆಯುತ್ತೆ.

ಸಂಜೆಕಾಫಿ:
ಅಲ್ಲ ಗುರು, ಕಾವೇರಿ ಕುಡಿಯೋ ನೀರಿನ ಯೋಜನೆಯ ಐದನೇ ಹಂತ ಬಂತಲ್ಲ, ಇನ್ನೂ ಇಷ್ಟೆಲ್ಲ ಯಾಕೆ?

ನೀರಗಂಟಿ:
ಒಳ್ಳೇ ಪ್ರಶ್ನೆ. 2024ರ ಅಕ್ಟೋಬರ್ 16ಕ್ಕೆ ತೊರೆಕಾಡನಹಳ್ಳೀಲಿ ಉದ್ಘಾಟನೆ ಆಯ್ತು, ದಿನಕ್ಕೆ 775 ದಶಲಕ್ಷ ಲೀಟರ್. ಅದರ ಮುಖ್ಯ ಉದ್ದೇಶ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳು. ಅಷ್ಟು ವರ್ಷ ಟ್ಯಾಂಕರನ್ನೇ ನೆಚ್ಚಿಕೊಂಡಿದ್ದ ಜಾಗಗಳವು. ಆ ನೀರನ್ನ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಮೂರು ಕಡೆ ಪಂಪ್ ಮಾಡಿ ಮೇಲೆತ್ತಬೇಕು. ನಮ್ಮ ತಾರಸಿ ಮೇಲೆ ಬೀಳೋ ನೀರಿಗೆ ಒಂದು ಯೂನಿಟ್ ಕರೆಂಟೂ ಬೇಡ. 2024ರ ಮಾರ್ಚ್ ನೆನಪಿಸ್ಕೊಳ್ಳಿ: ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ, 6000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಅಂತ ಜಿಲ್ಲಾಡಳಿತವೇ ದರ ಕಟ್ಟಬೇಕಾಯ್ತು. ಅಂಥ ಬೇಸಿಗೆ ಮತ್ತೆ ಬಂದ್ರೆ ಬೋರಲ್ಲಿ ನೀರಿರಬೇಕಲ್ಲ? ಅದಕ್ಕೇ ಇಂಗುಬಾವಿ.

ಬಾವಿ ಹೀಗಿರಲಿ: 3 ಅಡಿ ಅಗಲ, 20 ಅಡಿ ಆಳ. ಒಂದಡಿ ಎತ್ತರದ ಸಿಮೆಂಟ್ ರಿಂಗುಗಳನ್ನ ಒಂದರ ಮೇಲೊಂದು ಇಳಿಸ್ತಾರೆ. ರಿಂಗಿನ ಸಂದಿಗೆ ಸಿಮೆಂಟ್ ಮೆತ್ತಬಾರದು, ನೀರು ಹೊರಗೆ ಹೋಗೋದೇ ಅಲ್ಲಿಂದ. ರಿಂಗಿಗೂ ಮಣ್ಣಿಗೂ ನಡುವೆ ಜಲ್ಲಿ ತುಂಬ್ತಾರೆ, ತಳ ತೆರೆದೇ ಇರುತ್ತೆ. ಇದರಲ್ಲಿ ಸುಮಾರು 4000 ಲೀಟರ್ ನಿಲ್ಲುತ್ತೆ, ನಿಮ್ಮ 50 ಮಿಮೀ ಮಳೆಗೆ ಸರಿಸಮ. ಒಳಗೆ ಜಲ್ಲಿ ತುಂಬಿಸೋಕೆ ಒಪ್ಪಬೇಡಿ. ಅರ್ಧಕ್ಕಿಂತ ಹೆಚ್ಚು ಜಾಗ ಕಲ್ಲೇ ತಿನ್ನುತ್ತೆ, ಹೂಳು ತುಂಬಿದ್ರೆ ತೆಗೆಯೋಕೂ ಆಗಲ್ಲ. ಬಾವಿಗೆ ಮುಂಚೆ 2×2×2 ಅಡಿ ಹೂಳಿನ ಗುಂಡಿ ಬೇಕೇಬೇಕು. ಪಾಯದಿಂದ ನಾಲ್ಕೈದು ಅಡಿ ದೂರ, ಶೌಚದ ಪೈಪಿನಿಂದ ಕನಿಷ್ಠ 10 ಅಡಿ. ಎಂಟಡಿಗೇ ಬಂಡೆ ಸಿಕ್ಕಿದ್ರೆ ಒಡೆಸಬೇಡಿ, ಅಲ್ಲಿಗೇ ನಿಲ್ಲಿಸಿ. ಅಗೆಯೋಕೆ ಮಣ್ಣು ವಡ್ಡರನ್ನೇ, ಅಂದ್ರೆ ತಲೆಮಾರುಗಳಿಂದ ಬಾವಿ ತೋಡೋರನ್ನೇ, ಕರೀರಿ. ಯಾವ ಪದರ ನೀರು ಕುಡಿಯುತ್ತೆ ಅಂತ ಮಣ್ಣು ಕೈಲಿ ಹಿಡಿದೇ ಹೇಳ್ತಾರೆ, ಜೆಸಿಬಿಗೆ ಆ ತಿಳಿವಳಿಕೆ ಇಲ್ಲ.

ಯಾವ ಕಾರಣಕ್ಕೂ ಮಳೆ ಪೈಪನ್ನಾಗಲಿ ಸಂಪಿನ ಓವರ್‌ಫ್ಲೋನಾಗಲಿ ಯುಜಿಡಿ (ಒಳಚರಂಡಿ) ಚೇಂಬರಿಗೆ ಸೇರಿಸಬೇಡಿ. ಮಳೇಲಿ ಮ್ಯಾನ್‌ಹೋಲ್ ಉಕ್ಕಿ ರಸ್ತೆಗೆ ಬರೋಕೆ ಇದೇ ದೊಡ್ಡ ಕಾರಣ. ಚೇಂಬರ್ ಕಟ್ಟಿಕೊಂಡ್ರೆ ಅದೇ ಹೊಲಸು ಅದೇ ಪೈಪಲ್ಲಿ ನಿಮ್ಮ ಸಂಪಿಗೆ ವಾಪಸ್ ಬರುತ್ತೆ.

ಎರಿಭೂಮಿ:
ಧಾರವಾಡ ಕಡೆಯಿಂದ ಒಂದ್ ಮಾತು. ಕೇಸಿಂಗ್ ಸುತ್ತ ಗುಂಡಿ ತೋಡಿ ಬೋರ್ ಮರುಪೂರಣ ಮಾಡೋದು ಹೊಲದಾಗ ಮಾಡೂ ಪದ್ಧತಿ ರೀ. 10×10 ಅಡಿ ಗುಂಡಿ, 10 ಅಡಿ ಆಳ, ಕೇಸಿಂಗಿಗೆ ತೂತು ಹಾಕಿ ಜಾಲರಿ ಸುತ್ತಿ, ಕೆಳಗ ದೊಡ್ಡ ಕಲ್ಲು, ಮ್ಯಾಲ ಜಲ್ಲಿ, ಮರಳು. ಅದರ ಮುಂದ ಹೂಳು ನಿಲ್ಲಾಕ ಬ್ಯಾರೆ ಗುಂಡಿ. ಇದನ್ನ ಊರಾಗಿನ 30×40 ಸೈಟಿನಾಗ ಮಾಡಬ್ಯಾಡ್ರಿ, ಗೋಡಿ ಕುಸೀತದ. ಎರಿ ಮಣ್ಣು (ಕಪ್ಪು ಮಣ್ಣು) ಇದ್ದಲ್ಲಿ ನೀರು ಲಗೂನ ಇಂಗೂದಿಲ್ಲ. ತೋಡಿದ ಮ್ಯಾಲ ರಿಂಗ್ ಇಳಸೂಕಿಂತ ಮೊದಲ ಎರಡು ಅಡಿ ನೀರು ತುಂಬಿ ಒಂದು ತಾಸು ನೋಡ್ರಿ. ಎಷ್ಟು ಇಳೀತದ ಅನ್ನೂದು ಗೊತ್ತಾದ್ರ ಇನ್ನೂ ಆಳ ಬೇಕೋ ಬ್ಯಾಡೋ ತಿಳೀತದ.

ಬಾಲ್ಕನಿಗುಬ್ಬಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಯಾವ ಪ್ಲಂಬರೂ ಕೊಟ್ಟಿರಲಿಲ್ಲ. ಸಂಪಿನ ಒಳಗಿನ ಕೆಲಸ, ಕುಡಿಯೋ ವಿಷಯ ಬಾಕಿ ಇದೆ. ಇನ್ನೊಂದು, ನಲ್ಲಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸೋ ಜಾಲರಿ) ಹಾಕಿದ್ರೆ ಮೊದಲನೇ ಮಹಡೀಲಿ ನೀರೇ ಬರಲ್ಲ, ಯಾಕೆ?

ಮಾವಳ್ಳಿಮಳೆ:
ಏರೇಟರಿಂದ ಶುರು ಮಾಡೋಣ. ಮೇಲಿನ ಟ್ಯಾಂಕಿಗೂ ನಲ್ಲಿಗೂ 10 ಅಡಿ ಎತ್ತರ ಇದ್ರೆ ಸಿಗೋ ಒತ್ತಡ 0.3 ಬಾರ್ ಅಷ್ಟೇ. ನಿಮಿಷಕ್ಕೆ 3 ಲೀಟರಿನ ಏರೇಟರಿಗೆ ಅದು ಸಾಲಲ್ಲ. ನೆಲಮಹಡಿಗೆ 3 ಲೀಟರಿಂದು, ಮೇಲೆ 6 ಲೀಟರಿಂದು ಹಾಕಿ. ಬಕೆಟ್ ತುಂಬಿಸೋ ನಲ್ಲಿಗೆ ಬೇಡವೇ ಬೇಡ, ತುಂಬೋ ನೀರು ಅಷ್ಟೇ ಇರುತ್ತೆ, ಸಮಯ ಮಾತ್ರ ಹಾಳು. ಬೋರ್ ನೀರಿನ ಸುಣ್ಣ ಕಟ್ಟಿದ್ರೆ ಬಿಚ್ಚಿ ವಿನೆಗರಲ್ಲಿ ರಾತ್ರಿ ನೆನೆಸಿ, ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ.

ಸಂಪಿಗೆ ಬರೋ ಮಳೆ ಪೈಪನ್ನ ತಳದವರೆಗೆ ಇಳಿಸಿ, ಕೊನೇಲಿ ಬೆಂಡ್ ಹಾಕಿ ಬಾಯಿ ಮೇಲ್ಮುಖ ಮಾಡಿ, ಕೆಳಗಿನ ಹೂಳು ಕದಡಲ್ಲ. ಫುಟ್‌ವಾಲ್ವ್ (ಪಂಪು ನೀರೆಳೆಯೋ ಪೈಪಿನ ತುದಿಯ ವಾಲ್ವ್) ತಳದಿಂದ ಆರಿಂಚು ಮೇಲಿರಲಿ. ಓವರ್‌ಫ್ಲೋ ಪೈಪೂ 4 ಇಂಚಿಂದೇ ಆಗ್ಬೇಕು, ಬಾಯಿಗೆ ಸೊಳ್ಳೆ ಜಾಲರಿ. ಕಾವೇರಿ ಪೈಪಿನ ಬಾಯಿ ಓವರ್‌ಫ್ಲೋ ಮಟ್ಟಕ್ಕಿಂತ ಮೇಲಿರಬೇಕು. ಇಲ್ಲದಿದ್ರೆ ಲೈನಲ್ಲಿ ಒತ್ತಡ ಬಿದ್ದಾಗ ನಿಮ್ಮ ಸಂಪಿನ ನೀರು ಬೀದಿ ಲೈನಿಗೆ ಎಳೆದುಕೊಂಡು ಹೋಗುತ್ತೆ.

ಕುಡಿಯೋಕೆ ಆಗುತ್ತೆ, ಆದ್ರೆ ಹಾಗೇ ಅಲ್ಲ. ಮಳೆನೀರಲ್ಲಿ ಲವಣ ತೀರಾ ಕಮ್ಮಿ, ಹಾಗಾಗಿ ಆರ್‌ಒ ಬೇಕಿಲ್ಲ, ಅದರಿಂದ ಸುಮ್ನೆ ನೀರು ಪೋಲು. ಭಯ ಇರೋದು ರೋಗಾಣುಗಳದ್ದು. ಕುದಿಸಿ, ಇಲ್ಲಾ ಯುವಿ ಬಳಸಿ. ಸಂಪಿಗೆ 1000 ಲೀಟರಿಗೆ 3ರಿಂದ 4 ಗ್ರಾಂ ಬ್ಲೀಚಿಂಗ್ ಪೌಡರ್. ಅದನ್ನ ಒಂದು ಬಕೆಟ್ ನೀರಲ್ಲಿ ಕದಡಿ, ಸುಣ್ಣ ತಳ ಕೂತ ಮೇಲೆ ತಿಳಿ ಮಾತ್ರ ಸುರಿದು ಒಂದು ಗಂಟೆ ಬಿಡಿ. ಹಳೇ ಪೌಡರಲ್ಲಿ ಕ್ಲೋರಿನ್ ಹೋಗಿರುತ್ತೆ, ಗಾಟು ವಾಸನೆ ಇಲ್ಲದಿದ್ರೆ ಬೇರೆ ತನ್ನಿ.

ಸಂಪನ್ನ ಮೇ ತಿಂಗಳ ಒಳಗೆ ತೊಳೆಸಿ. ತೊಳೆಯೋಕೆ ಮುಂಚೆ ಮುಚ್ಚಳ ಅರ್ಧ ದಿನ ತೆಗೆದಿಡಿ, ಒಳಗೆ ಇಳಿದವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಯಾವಾಗಲೂ ಒಬ್ಬರು ನಿಂತಿರಲಿ. ಇಂಗುಬಾವಿ ಹೂಳು ತೆಗೆಸೋವಾಗಲೂ ಅಷ್ಟೇ. ಮೊದಲು ಬಕೆಟ್ಟಲ್ಲಿ ನಾಲ್ಕೈದು ಸಲ ನೀರು ಎರಚಿ ಗಾಳಿ ಆಡಿಸಿ, ಇಳಿಯೋರಿಗೆ ಉಸಿರು ಕಟ್ಟಿದಂತಾದ್ರೆ ಹಿಂದೆಯೇ ಇನ್ನೊಬ್ಬರು ಇಳಿಯಬಾರದು, ಹಗ್ಗ ಹಿಡಿದು ಮೇಲಕ್ಕೆ ಎಳೀಬೇಕು.

ಬಾಲ್ಕನಿಗುಬ್ಬಿ:
ಸರಿ, ಹಾಗಾದ್ರೆ ಈ ವಾರ ಬಾಲ್ ವಾಲ್ವ್, ಫಿಲ್ಟರ್, ಸಂಪಿನ ಪೈಪ್. ಬಾವಿ ಅಗೆಯೋದು ಮಳೆಗೆ ಮುಂಚೆನಾ, ಆಮೇಲಾ?

ನೀರಗಂಟಿ:
ಮುಂಚೆ. ಏಪ್ರಿಲ್, ಮೇನಲ್ಲಿ ಮಣ್ಣು ಒಣಗಿ ಗೋಡೆ ಗಟ್ಟಿ ನಿಲ್ಲುತ್ತೆ. ಮಳೆ ಹಿಡಿದ ಮೇಲೆ ಅಗೆದ್ರೆ ಪಕ್ಕ ಕುಸಿಯುತ್ತೆ.