ಲೈಬ್ರರಿ ಬೋರ್ಡಿನಲ್ಲಿ ಯಾರ ಹೆಸರು? ನಮ್ಮ ಹಳೆ ವಿದ್ಯಾರ್ಥಿಗಳ ಗುಂಪಿನ ಚರ್ಚೆ

ಸಾಗರದ ಅಕ್ಕ: ಎಲ್ಲರೂ ಈ ಫೋಟೋ ನೋಡಿ. ನಮ್ಮ ಕಾಲೇಜಿನ ಹೊಸ ಲೈಬ್ರರಿಗೆ ಹಾಕುವ ಬೋರ್ಡಿನ ಡಿಸೈನ್. ಅರ್ಧ ಖರ್ಚು ಕೊಡುವ ದಾನಿಯ ತಂದೆಯ ಹೆಸರು ಇಡುತ್ತಾರಂತೆ. ನಮ್ಮ ಸಂಘದಿಂದ ಒಪ್ಪಿಗೆ ಪತ್ರ ಕೇಳಿದ್ದಾರೆ. ಭಾನುವಾರ ಮೀಟಿಂಗ್ ಇದೆ, ಅಷ್ಟರೊಳಗೆ ಹೇಳಿ.

ಬೆಂಗಳೂರು: ಕೇಳುವುದೇನಿದೆ ಅಕ್ಕ? ಕೊಡುವವರು ಸಿಕ್ಕಿದ್ದೇ ದೊಡ್ಡದು. ಒಪ್ಪಿಗೆ ಕೊಟ್ಟುಬಿಡಿ.

ಹೊಸನಗರ: ನನಗೆ ಸರಿ ಕಾಣುತ್ತಿಲ್ಲ. ಸರ್ಕಾರಿ ಕಾಲೇಜು, ಸರ್ಕಾರಿ ಜಾಗ. ಇವತ್ತು ಲೈಬ್ರರಿ, ನಾಳೆ ಕ್ಯಾಂಟೀನಿಗೂ ಒಬ್ಬರು ಬರುತ್ತಾರೆ. ಕುವೆಂಪು ಹೆಸರೋ ಶಿವಪ್ಪ ನಾಯಕರ ಹೆಸರೋ ಇಡಲಿ.

ಬೆಂಗಳೂರು: ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಕುವೆಂಪು ಹೆಸರಿದೆ. ರಂಗಮಂದಿರಕ್ಕಿದೆ, ಸೋಗಾನೆಯ ವಿಮಾನ ನಿಲ್ದಾಣಕ್ಕೂ ಇದೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯಕ್ಕೆ ಕೆಳದಿ ಶಿವಪ್ಪ ನಾಯಕರ ಹೆಸರಿದೆ. ಆ ದೊಡ್ಡವರ ಹೆಸರಿಟ್ಟರೆ ಕಟ್ಟಡಕ್ಕೆ ದುಡ್ಡು ಬರುತ್ತದಾ? ದಾನಿಯ ಹೆಸರಿಡುವುದು ನಮ್ಮಲ್ಲಿ ಹೊಸದೂ ಅಲ್ಲ. ಬೆಳಗಾವಿಯ ಲಿಂಗರಾಜ ಕಾಲೇಜು ಶಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರಲ್ಲಿದೆ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಅಂದರೆ ಭೂಮರಡ್ಡಿಯವರ ಹೆಸರು. ಮೈಸೂರು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲ್ ಒಬ್ಬ ಕಾಫಿ ಪ್ಲಾಂಟರ್ ಹೆಸರು. ಬೆಂಗಳೂರಿನ ಐಐಎಸ್‌ಸಿ ಆಸ್ಪತ್ರೆಗೆ 2022ರಲ್ಲಿ ಬಾಗ್ಚಿ ದಂಪತಿ, ಪಾರ್ಥಸಾರಥಿ ದಂಪತಿ ಸೇರಿ 425 ಕೋಟಿ ಕೊಟ್ಟರು. ಆಸ್ಪತ್ರೆಗೆ ಅವರ ಹೆಸರೇ. ತಪ್ಪೇನು?

ತೀರ್ಥಹಳ್ಳಿ: ತಪ್ಪಿಲ್ಲ. ಆದರೆ ಅದೇ ಐಐಎಸ್‌ಸಿಯ ಮೊದಲ ಕಥೆಯನ್ನೂ ನೆನಪು ಮಾಡಿಕೊಳ್ಳಿ. ಅದಕ್ಕೆ ಆಸ್ತಿ ಬರೆದಿಟ್ಟದ್ದು ಜಮ್‌ಶೇಟ್‌ಜಿ ಟಾಟಾ. 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ತನ್ನ ಹೆಸರು ಬೇಡ ಅಂದರು ಟಾಟಾ. 1909ರಲ್ಲಿ ಶುರುವಾದಾಗ ಇಟ್ಟದ್ದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅಂತ. ಇವತ್ತಿಗೂ ಆಟೋದವರಿಗೆ ಅದು ಟಾಟಾ ಇನ್‌ಸ್ಟಿಟ್ಯೂಟೇ. ಬೋರ್ಡು ಹಾಕಿಸಿಕೊಳ್ಳದವರ ಹೆಸರೂ ಉಳಿಯುತ್ತದೆ.

ಬೆಂಗಳೂರು: ಎಲ್ಲರೂ ಟಾಟಾ ಆಗಲು ಸಾಧ್ಯವಾ ಮಾರಾಯ? ತಂದೆ ಹೆಸರು ಒಂದು ಗೋಡೆ ಮೇಲೆ ಇರಲಿ ಅನ್ನುವುದು ಮಕ್ಕಳಿಗೆ ಸಹಜ ಆಸೆ.

ತೀರ್ಥಹಳ್ಳಿ: ಆ ಆಸೆಗೆ ನನ್ನ ವಿರೋಧ ಇಲ್ಲ. ನನ್ನ ಸಂಕಟ ಬೇರೆ. ಹೊಸ ಲೈಬ್ರರಿ ಬರುವುದು ಹಳೆ ಬ್ಲಾಕ್ ಕೆಡವಿದ ಜಾಗದಲ್ಲಿ, ಅಲ್ವಾ? ಆ ಬ್ಲಾಕಿನ ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಗೋಡೆಯಲ್ಲಿ ಒಂದು ಕಪ್ಪು ಕಲ್ಲು ಇದೆ. ಮಗಳ ಟಿಸಿ ತರಲು ಹೋದಾಗ ನಿಂತು ಓದಿದೆ. ಅಡಿಕೆ ಮಂಡಿಯವರು, ಅಕ್ಕಿ ಗಿರಣಿಯವರು, ಊರೂರಿನ ರೈತರು. ಹೆಸರು, ಪಕ್ಕದಲ್ಲಿ ಊರು, ಕೊನೆಗೆ ಕೊಟ್ಟ ಮೊತ್ತ. ಕೆಳಗೆ ಮರ ಕೊಟ್ಟವರ ಪಟ್ಟಿ ಬೇರೆ, ಕಲ್ಲು ಸಾಗಿಸಲು ಎತ್ತಿನ ಗಾಡಿ ಕೊಟ್ಟವರ ಪಟ್ಟಿ ಬೇರೆ. ಗೋಡೆಗೆ ಬಣ್ಣ ಹೊಡೆಯುವಾಗ ಕಲ್ಲಿಗೂ ಸೇರಿಸಿ ಹೊಡೆದಿದ್ದಾರೆ. ಕೆತ್ತಿದ ಅಕ್ಷರದೊಳಗೆ ಬಣ್ಣ ತುಂಬಿ ಅರ್ಧ ಹೆಸರು ಓದಲಿಕ್ಕೆ ಆಗುವುದಿಲ್ಲ. ಎದುರಿಗೆ ಮುರಿದ ಡೆಸ್ಕುಗಳ ರಾಶಿ. ಅದನ್ನು ಸರಿಸಿಯೇ ನೋಡಬೇಕಾಯಿತು.

ಅವರೂ ದಾನಿಗಳೇ. ಅವರು ಕಟ್ಟಿಸಿದ ಗೋಡೆಯೊಳಗೆ ಕೂತೇ ನಾವೆಲ್ಲ ಓದಿದ್ದು. ಜೆಸಿಬಿ ಬಂದ ದಿನ ಆ ಕಲ್ಲು ಎಲ್ಲಿಗೆ ಹೋಗುತ್ತದೆ? ಈ ಡಿಸೈನಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಸಾಗರದ ಅಕ್ಕ: ಅಯ್ಯೋ, ಆ ಕಲ್ಲು ನನಗೆ ಚೆನ್ನಾಗಿ ಗೊತ್ತು. ನಮ್ಮ ಅಜ್ಜನ ಊರಿನವರ ಹೆಸರು ಅದರಲ್ಲಿದೆ.

ಮೇಷ್ಟ್ರು: ನಾನೂ ಒಂದು ಮಾತು ಹೇಳುತ್ತೇನೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಅಂದರೆ ಹಳ್ಳಿಯ ಮಗುವಿಗೂ ಗೊತ್ತು. ಅದು ಒಬ್ಬ ವೈದ್ಯರ ಹೆಸರು. ನಮ್ಮಲ್ಲೂ ಲೈಬ್ರರಿಯಲ್ಲೇ ಜೀವನ ಕಳೆದವರು ಇದ್ದರು. ಓದುವ ಹಾಲ್‌ಗಾದರೂ ಅಂಥವರ ಹೆಸರು ಯೋಚಿಸಿ.

ಹೊಸನಗರ: ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ. ಇನ್ನೊಂದು ಅನುಮಾನ. ದಾನಿಯ ವ್ಯವಹಾರದಲ್ಲಿ ಮುಂದೆ ಏನಾದರೂ ಕೆಟ್ಟದ್ದು ಹೊರಬಿದ್ದರೆ? ಆಗ ಬೋರ್ಡು ಇಳಿಸಲು ಆಗುತ್ತದಾ?

ತೀರ್ಥಹಳ್ಳಿ: ಒಳ್ಳೆಯ ಪ್ರಶ್ನೆ. ಅಮೆರಿಕದಲ್ಲಿ ಇದೇ ಆಗಿದೆ. ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಟ್ಟಡಗಳಲ್ಲಿ ಸ್ಯಾಕ್ಲರ್ ಕುಟುಂಬದ ಹೆಸರಿತ್ತು. ಆಕ್ಸಿಕಾಂಟಿನ್ ಅನ್ನುವ ನೋವಿನ ಮಾತ್ರೆ ಮಾರಿದ ಕಂಪನಿ ಅವರದು. ಅದರ ಚಟಕ್ಕೆ ಬಿದ್ದು ಜನ ಸತ್ತ ಮೇಲೆ, 2019ರಲ್ಲಿ ಹೆಸರು ತೆಗೆದರು. ಕುಟುಂಬದವರು ವಿರೋಧಿಸಿದರು. ಅಲ್ಲಿನ ಯೇಲ್ ವಿಶ್ವವಿದ್ಯಾಲಯದ ಕಥೆ ಇನ್ನೂ ಹಳೆಯದು. ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದ ಎಲಿಹು ಯೇಲ್ 1718ರಲ್ಲಿ ಒಂಬತ್ತು ಮೂಟೆ ಸರಕು, 417 ಪುಸ್ತಕ, ರಾಜನ ಒಂದು ಚಿತ್ರ ಕಳಿಸಿದ. ಅಷ್ಟಕ್ಕೇ ಇಡೀ ಕಾಲೇಜಿಗೆ ಅವನ ಹೆಸರು ಬಂತು. ಮದ್ರಾಸಿನಲ್ಲಿ ಅವನ ಕಾಲದಲ್ಲಿ ಗುಲಾಮರ ವ್ಯಾಪಾರವೂ ನಡೆದಿತ್ತು. 300 ವರ್ಷ ದಾಟಿದರೂ ಆ ಹೆಸರು ಹಾಗೇ ಇದೆ.

ಬೆಂಗಳೂರು: ನಮ್ಮ ದಾನಿ ಮರ್ಯಾದಸ್ತರು. ಅವರನ್ನು ಇಂಥವರ ಜೊತೆ ಹೋಲಿಸಬೇಡಿ, ದಯವಿಟ್ಟು.

ತೀರ್ಥಹಳ್ಳಿ: ಖಂಡಿತ ಹೋಲಿಸುತ್ತಿಲ್ಲ. ಅವರ ಬಗ್ಗೆ ನನಗೂ ಗೌರವ ಇದೆ. ಬರವಣಿಗೆ ಇಲ್ಲದೆ ಶಾಶ್ವತ ಅಂದುಬಿಟ್ಟರೆ ಮುಂದಿನವರಿಗೆ ಕಷ್ಟ, ಅಷ್ಟೇ. ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಎವೆರಿ ಫಿಶರ್ ಹೆಸರಿನ ಹಾಲ್ ಇತ್ತು. ರಿಪೇರಿಗೆ ಹೊಸ ದಾನಿ ಬೇಕಾದಾಗ, ಹಳೆ ಹೆಸರು ಬಿಟ್ಟುಕೊಡಿ ಅಂತ ಫಿಶರ್ ಕುಟುಂಬಕ್ಕೇ 1.5 ಕೋಟಿ ಡಾಲರ್ ಕೊಡಬೇಕಾಯಿತು. ನಮ್ಮ ಕಾಲೇಜಿಗೆ ಅಂಥ ದುಡ್ಡು ಎಲ್ಲಿಂದ ಬರಬೇಕು?

ರಿಪೇರಿ ಅಂದೆನಲ್ಲ, ನಮ್ಮ ಕಡೆ ಅದೇ ಮುಖ್ಯ. ಮಲೆನಾಡಿನ ಮಳೆಗೆ ಎಂಥಾ ತಾರಸಿಯೂ ಹತ್ತು ವರ್ಷದಲ್ಲಿ ಸೋರಲು ಶುರುವಾಗುತ್ತದೆ. ಗೋಡೆಗೆ ಪಾಚಿ, ಪುಸ್ತಕಕ್ಕೆ ಬೂಸಲು. ಕಟ್ಟಲು ಕೊಡುವವರು ಸಿಗುತ್ತಾರೆ, ಸೋರಿಕೆ ನಿಲ್ಲಿಸಲು ಕೊಡುವವರು ಸಿಗುವುದಿಲ್ಲ. ಅದಕ್ಕೇ ಕೊಡುವ ದುಡ್ಡಿನಲ್ಲಿ 10 ಲಕ್ಷ ಠೇವಣಿ ಇಡಲು ಕೇಳೋಣ. ಶೇಕಡಾ 7ರ ಬಡ್ಡಿ ಸಿಕ್ಕರೆ ವರ್ಷಕ್ಕೆ 70 ಸಾವಿರ. ಮಳೆಗಾಲಕ್ಕೆ ಮೊದಲು ತಾರಸಿ ಕೆಲಸಕ್ಕೆ, ಮಿಕ್ಕಿದ್ದು ಪುಸ್ತಕಕ್ಕೆ. ಹೆಸರು 25 ವರ್ಷಕ್ಕೆ ಇರಲಿ, ಆಮೇಲೆ ಕುಟುಂಬದವರು ಮತ್ತೆ ಕೊಟ್ಟರೆ ಮುಂದುವರಿಯಲಿ. ಆ ಕಪ್ಪು ಕಲ್ಲನ್ನು ಒಡೆಯದೆ ತೆಗೆದು, ಬಣ್ಣ ಕೆರೆಸಿ, ಹೊಸ ಲೈಬ್ರರಿಯ ಬಾಗಿಲ ಪಕ್ಕದಲ್ಲೇ ಕೂರಿಸಬೇಕು. ಮೂಲೆಯಲ್ಲಿ ಬೇಡ. ಈ ಮೂರು ಮಾತು ಒಪ್ಪಂದದಲ್ಲಿ ಬಂದರೆ ನನ್ನ ಸಹಿ ಮೊದಲು.

ಹೊಸನಗರ: ಕೆಟ್ಟ ಹೆಸರು ಬಂದರೆ ಬೋರ್ಡು ಇಳಿಸುವ ಹಕ್ಕು ಕಾಲೇಜಿಗೆ ಇರಬೇಕು. ಅದನ್ನೂ ಸೇರಿಸಿ. ಆಗ ನಾನೂ ಒಪ್ಪುತ್ತೇನೆ.

ಬೆಂಗಳೂರು: ಕಲ್ಲಿನ ವಿಷಯ ನನಗೆ ನಿಜವಾಗಿ ಗೊತ್ತಿರಲಿಲ್ಲ. ಅದಕ್ಕೆ ದಾನಿಯ ಮನೆಯವರೂ ಬೇಡ ಅನ್ನುವುದಿಲ್ಲ. ಠೇವಣಿಯ ಮಾತನ್ನು ನಾನೇ ಕೇಳುತ್ತೇನೆ. 25 ವರ್ಷ ಅನ್ನುವುದು ಮಾತ್ರ ಕಷ್ಟ. ತಂದೆಯ ಹೆಸರಿಗೆ ವಾಯಿದೆ ಹಾಕಿದ ಹಾಗೆ ಅನ್ನಿಸುತ್ತದೆ ಅವರಿಗೆ.

ತೀರ್ಥಹಳ್ಳಿ: 40 ಅಂದರೂ ಸರಿ. ಬರವಣಿಗೆಯಲ್ಲಿ ಇರಲಿ.

ಸಾಗರದ ಅಕ್ಕ: ಹಾಗಾದರೆ ಒಪ್ಪಿಗೆ ಪತ್ರ ಈಗಲೇ ಕಳಿಸುವುದಿಲ್ಲ. ಇದನ್ನೆಲ್ಲ ಬರೆದುಕೊಂಡು ಭಾನುವಾರ ಮೀಟಿಂಗಿಗೆ ಹೋಗುತ್ತೇನೆ. ಅದಕ್ಕೆ ಮೊದಲು, ಊರಲ್ಲಿ ಇರುವವರು ಯಾರಾದರೂ ಹೋಗಿ ಆ ಕಲ್ಲಿನ ಫೋಟೋ ತೆಗೆದು ಇಲ್ಲಿ ಹಾಕಿ. ಹೆಸರು ಓದಲು ಬರುವ ಹಾಗೆ, ಹತ್ತಿರದಿಂದ.